ಗಂಗಕ್ಕನ ‘ಐತೆ’

ನನ್ನ ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಒಂದನ್ನು ಬಿಟ್ಟು ಬೇರೆಲ್ಲ ಇರುತ್ತದೆ. ಎರಡು ಏಲಕ್ಕಿ, ಒಂದು ಪಿನ್ನು, ಬಿ.ಪಿ. ಮಾತ್ರೆಯ ಅರ್ಧ ಹಾಳೆ, ಒಂದು ಕೆಂಪು ರೀಫಿಲ್ಲು. ಕನ್ನಡಕ ಎಲ್ಲಿ ಎಂದು ಕೇಳಬೇಡಿ. ಅದು ನನ್ನ ತಲೆಯ ಮೇಲೇ ಇರುತ್ತದೆ, ನಾನು ಮನೆಯೆಲ್ಲ ಹುಡುಕುತ್ತಿರುತ್ತೇನೆ. ಇತ್ತೀಚೆಗೆ ಆ ಡಬ್ಬಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಬೆರಳಗಲದ ಒಂದು ಕಾಗದದ ಚೂರು. ಅದರ ವಿಷಯ ಹೇಳಬೇಕೆಂದೇ ಕೂತಿದ್ದೇನೆ, ಆದರೆ ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಪೀಠಿಕೆ ಇಲ್ಲದೆ ಒಂದು ಲೋಟ ನೀರು ಕೇಳುವುದಕ್ಕೂ ಇವಳಿಗೆ ಬರುವುದಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ.

ಮೊದಲು ರೀಫಿಲ್ಲಿನ ವಿಷಯ. ರಿಟೈರಾಗಿ ಎಂಟು ವರ್ಷವಾದರೂ ನನ್ನ ಕೈಗೆ ಕೆಂಪು ಪೆನ್ನು ಬೇಕು. ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ಪುಸ್ತಕದಂಗಡಿ ಮಂಜ ನನ್ನ ಹಳೇ ವಿದ್ಯಾರ್ಥಿ. ನನ್ನನ್ನು ದೂರದಿಂದ ಕಂಡ ಕೂಡಲೇ ಡಬ್ಬ ತೆಗೆಯುತ್ತಾನೆ.

“ಕೆಂಪುದೇ ಏನ್ರೀ ಮಿಸ್? ಈಗ ಏನೈತ್ರೀ ತಿದ್ದಕ್ಕೆ?”

“ನಿನ್ನ ಅಂಗಡಿ ಬೋರ್ಡೇ ಇದೆಯಲ್ಲೋ. ‘ಲೇಖನ ಸಾಮಗ್ರಿ’ ಅಂತ ಬರೆಸೋ ಅಂದರೆ ‘ಲೇಕನ ಸಾಮಾಗ್ರಿ’ ಅಂತ ಬರೆಸಿದ್ದೀಯ. ನಿನಗೆ ಪಾಠ ಹೇಳಿದ್ದು ನಾನೇ ಅಂತ ಯಾರಿಗೂ ಹೇಳಬೇಡ.”

ಅವನು ನಗುತ್ತಾನೆ, ಬೋರ್ಡು ಹಾಗೇ ಇದೆ. ನಾನು ಮದುವೆ ಕಾರ್ಡು ತಿದ್ದುತ್ತೇನೆ. ಮನೆಗೆ ಬಂದ ಆಹ್ವಾನಪತ್ರಿಕೆಯ ‘ಆಶಿರ್ವಾದ’ಕ್ಕೆ ದೀರ್ಘ ಎಳೆಯದೆ ನನಗೆ ಆ ಮದುವೆಗೆ ಹೋಗಲು ಮನಸ್ಸು ಬರುವುದಿಲ್ಲ. ಒಮ್ಮೆ ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೋದಾಗ ‘ಚಪ್ಪಲಿ ಬಿಡುವ ಸ್ತಳ’ ಎಂದು ಬರೆದಿದ್ದ ರಟ್ಟನ್ನು ನಿಂತು ತಿದ್ದುತ್ತಿದ್ದೆ. ನಮ್ಮ ಮನೆಯವರು ನಾನು ಯಾರೋ ಎಂಬಂತೆ ಮುಂದೆ ನಡೆದು ಹೋಗಿ, ಪ್ರಸಾದ ತಿಂದು, ಕೈ ತೊಳೆದುಕೊಂಡು ಬಂದರು.

ಎಲ್ಲಕ್ಕಿಂತ ಹೆಚ್ಚು ನಾನು ತಿದ್ದಿದ ಪದ ಒಂದೇ. ‘ಐತೆ’. ನಮ್ಮ ಸೀಮೆಯ ಮಕ್ಕಳು ಏನು ಬರೆಯಲಿ, ಹಸುವಿನ ಬಗ್ಗೆ ಬರೆಯಲಿ, ದೇಶದ ಬಗ್ಗೆ ಬರೆಯಲಿ, ವಾಕ್ಯದ ತುದಿಯಲ್ಲಿ ಐತೆ ಬಂದು ಕೂತಿರುತ್ತಿತ್ತು. ನಾನು ಅಡ್ಡಗೆರೆ ಎಳೆದು ಮೇಲೆ ‘ಇದೆ’ ಎಂದು ಬರೆಯುತ್ತಿದ್ದೆ. ಹಸುವಿಗೆ ನಾಲ್ಕು ಕಾಲು ‘ಅವೆ’ ಎಂದು ಬರೆದರೆ ‘ಇವೆ’. ಈ ಎರಡು ಪದಗಳಿಗೇ ಎಷ್ಟು ರೀಫಿಲ್ಲು ಮುಗಿದವೋ ನನಗೇ ಗೊತ್ತಿಲ್ಲ.

ಹಾಗಂತ ನಾನೇನು ‘ಇದೆ’ ಅಂತಲೇ ಹುಟ್ಟಿದವಳಲ್ಲ. ನನ್ನ ತವರು ತಾಳ್ಯ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು “ನಿಮ್ಮನೇಲಿ ಏನೇನಿದೆ ಹೇಳು” ಅಂದಾಗ ಎದ್ದು ನಿಂತು “ಎಮ್ಮೆ ಐತ್ರೀ ಸಾ, ಕರಾನೂ ಐತ್ರೀ” ಅಂದಿದ್ದೆ. ಅವತ್ತು ಸ್ಲೇಟಿನ ಎರಡೂ ಬದಿ ‘ಇದೆ’ ಬರೆಸಿದರು. ಬಳಪ ಸವೆದು ಉಗುರಿಗೆ ಬಂತು. ಮನೆಗೆ ಹೋಗಿ ಅವ್ವನಿಗೆ “ಹಸಿವಾಗಿದೆ” ಅಂದೆ. ಅವ್ವ ರೊಟ್ಟಿ ತಟ್ಟುವುದು ನಿಲ್ಲಿಸಿ, “ನೋಡ್ರೇ ನಮ್ಮ ಸರೋಜಿನ, ಹಸಿವಾಗಿದೆಯಂತೆ! ಹಂಗಂದ್ರೆ ಏನವ್ವ, ಜಾಸ್ತಿ ಹಸಿವಾ?” ಎಂದು ಅಕ್ಕಪಕ್ಕದವರನ್ನೆಲ್ಲ ಕರೆದು ನಕ್ಕಳು. ನನಗೆ ಅಳು ಬಂತು. ಆದರೂ ಹಠ ಬಿಡಲಿಲ್ಲ. ಆಮೇಲೆ ನನ್ನ ಬಾಯಲ್ಲಿ ಐತೆ ಬಂದದ್ದು ನೆನಪಿಲ್ಲ.

ಈಗ ಗಂಗಕ್ಕ. ಗಂಗಕ್ಕ ನನ್ನ ಓರಗಿತ್ತಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಓದಿದ್ದು ಏಳನೇ ಕ್ಲಾಸು. ನಮ್ಮ ಪಕ್ಕದ ಬೀದಿಯಲ್ಲೇ ಅವರ ಮನೆ, ಮನೆಯ ಮುಂದೆಯೇ ಅವರ ಹಿಟ್ಟಿನ ಗಿರಣಿ. ನಾನು ಸ್ಕೂಲಿನಿಂದ ಬರುವ ದಾರಿಯೂ ಅದೇ. ಒಳಗೆ ಹೋಗಿ ಕೂತು ಮಾತಾಡುವಷ್ಟು ಪುರುಸೊತ್ತು ಮಾತ್ರ ನನಗೆ ಯಾವತ್ತೂ ಇರಲಿಲ್ಲ. ಪೇಪರ್ ತಿದ್ದುವುದಿರುತ್ತಿತ್ತಲ್ಲ. ಭಾವ ತೀರಿಕೊಂಡ ಮೇಲೂ ಅವಳೊಬ್ಬಳೇ ಗಿರಣಿ ನಡೆಸಿದಳು. ಎರಡು ವರ್ಷದ ಹಿಂದೆ ಕೆಮ್ಮು ಹೆಚ್ಚಾಗಿ ಚಿತ್ರದುರ್ಗದ ಡಾಕ್ಟರಮ್ಮನ ಹತ್ತಿರ ಹೋದಾಗ, ಹಿಟ್ಟಿನ ಧೂಳು ಸಾಕು, ಇನ್ನು ನಿಧಾನವಾಗಿ ಇರ್ರಿ ಎಂದರಂತೆ. ಗಿರಣಿ ನಿಂತಿತು.

‘ನಿಧಾನವಾಗಿ ಇರಿ’ ಎಂದು ಡಾಕ್ಟರು ನನಗೂ ಹೇಳಿದ್ದರು. ನಾನು ಅದನ್ನು ಬಹಳ ಅವಸರದಿಂದ ಶುರು ಮಾಡಿದೆ. ಯೋಗದ ಚಾಪೆ ತಂದೆ. ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡೆ. ಒಂದು ತುತ್ತನ್ನು ಮೂವತ್ತೆರಡು ಸಲ ಅಗಿಯಬೇಕೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಎಣಿಸುತ್ತ ಕೂತೆ. ನಮ್ಮ ಮನೆಯವರು ಊಟ ಮುಗಿಸಿ, ಪೇಪರು ಓದಿ, ಒಂದು ನಿದ್ದೆ ತೆಗೆದು ಎದ್ದರೂ ನನ್ನ ಮುದ್ದೆ ಅರ್ಧ ಉಳಿದಿರುತ್ತಿತ್ತು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ ಎಂಬ ಯೋಚನೆ ನನಗೆ ಬಂದದ್ದು ಹದಿನೈದು ದಿನದ ಮೇಲೆ. ಬರವಣಿಗೆಗೂ ಸಿದ್ಧತೆ ಜೋರಾಗಿತ್ತು. ರಟ್ಟು ಬೈಂಡಿನ ಡೈರಿ, ಕಿಟಕಿ ಪಕ್ಕ ಮೇಜು, ಬೆನ್ನಿಗೆ ದಿಂಬು. ಸ್ಫೂರ್ತಿ ಬರಲಿ ಎಂದು ರಿಟೈರಾದ ಟೀಚರುಗಳೆಲ್ಲ ಸೇರಿ ವ್ಯಾನು ಮಾಡಿಕೊಂಡು ಜೋಗಿಮಟ್ಟಿ ಬೆಟ್ಟಕ್ಕೂ ಹೋಗಿ ಬಂದೆವು. ಮೇಲೆ ನಿಂತು ನಾನು ಬರೆದದ್ದು ಒಂದೇ ಮಾತು: ‘ಮಂದಮಾರುತವು ಬೀಸುತ್ತಿದೆ.’ ಅಲ್ಲಿ ಬೀಸುತ್ತಿದ್ದದ್ದು ಸೆರಗು ಹಾರಿಸುವ ಗಾಳಿ. ಎಲ್ಲರೂ ಟೋಪಿ ಹಿಡಿದುಕೊಂಡು ಕೂತಿದ್ದರು.

ಇಷ್ಟೆಲ್ಲ ಮಾಡಿ ನನ್ನ ಬಿ.ಪಿ. ನೂರ ನಲವತ್ತೆರಡು. ಮಧ್ಯಾಹ್ನ ಗೋಡೆಗೆ ಒರಗಿ ಕಾಲು ಚಾಚಿ ಕೂರುವುದು ಬಿಟ್ಟು ಏನನ್ನೂ ಮಾಡದ ಗಂಗಕ್ಕನ ಬಿ.ಪಿ. ನೂರ ಇಪ್ಪತ್ತು. ಮನುಷ್ಯರು ಒಡವೆಗೆ ಹೊಟ್ಟೆಕಿಚ್ಚು ಪಡುತ್ತಾರೆ, ಸೊಸೆಗೆ ಪಡುತ್ತಾರೆ. ನಾನು ಓರಗಿತ್ತಿಯ ಬಿ.ಪಿ.ಗೆ ಪಟ್ಟೆ.

ಅವಳನ್ನು ಬರೆಯಲು ಹಚ್ಚಿದವಳೂ ನಾನೇ, ಅದೇ ನನ್ನ ಹಣೆಬರಹ. ಗಿರಣಿ ನಿಂತ ಹೊಸದರಲ್ಲಿ ಒಂದು ದಿನ ಬಂದು ನಮ್ಮ ಅಡುಗೆಮನೆ ಕಟ್ಟೆಗೆ ಕೂತು, “ತಂಗಿ, ಸುಮ್ನೆ ಕುಂತ್ಕಳಕ್ಕೆ ಬರ್ತಿಲ್ಲ ಕಣೆ. ಕಿವಿ ಎಲ್ಲ ಖಾಲಿ ಖಾಲಿ. ಏನ್ ಮಾಡ್ಲಿ ಹೇಳು, ನೀನು ಓದಿದೋಳು” ಅಂದಳು. ಓದಿದೋಳು ಎಂದದ್ದೇ ನನಗೆ ಹಿತವಾಯಿತು. ದೊಡ್ಡ ಮನಸ್ಸು ಮಾಡಿ, “ಬರಿ ಅಕ್ಕ. ದಿನಕ್ಕೆ ಒಂದೇ ವಾಕ್ಯ ಬರಿ. ಮನಸ್ಸಿಗೆ ಒಳ್ಳೇದು” ಎಂದೆ. ಅದೂ ಮೊಬೈಲಿನಲ್ಲಿ ಕೇಳಿದ್ದು. ನಾನೇ ಒಂದು ದಿನವೂ ಮಾಡಿರಲಿಲ್ಲ.

ಅವಳು ಮಾಡಿದಳು. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಚೀಲ ಹೊಲಿಯುವ ದಬ್ಬಣದಿಂದ ಗೋಣಿದಾರ ಹಾಕಿ ಹೊಲಿದು ಒಂದು ಪುಸ್ತಕ ಮಾಡಿಕೊಂಡಳು. ಹನ್ನೊಂದು ಗಂಟೆಯ ಟೀ ಕುಡಿದು, ಗೋಡೆಗೆ ಒರಗಿ, ಒಂದೇ ಒಂದು ವಾಕ್ಯ. ಕೆಲವು ದಿನ ಅದೂ ಇಲ್ಲ. “ಇವತ್ತು ಬರ್ಲಿಲ್ಲ ಬಿಡು, ನಾಳೆ ಬರ್ತೈತೆ” ಎಂದು ಪೆನ್ನು ಮುಚ್ಚಿಡುತ್ತಿದ್ದಳಂತೆ.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಮ್ಮೂರಿನ ಲೈಬ್ರರಿಯಲ್ಲಿ ಹಿರಿಯರು ಸೇರಿ ಅವರವರು ಬರೆದದ್ದನ್ನು ಓದುವ ಪರಿಪಾಠ ಶುರುವಾಗಿದೆ. ನಾನು ‘ಇಳಿವಯಸ್ಸಿನಲ್ಲಿ ನೆಮ್ಮದಿಯ ಸೋಪಾನಗಳು’ ಎಂಬ ಹನ್ನೊಂದು ಪುಟದ ಪ್ರಬಂಧ ಸಿದ್ಧ ಮಾಡಿಕೊಂಡು, ಕೇಳಲಿ ಎಂದು ಗಂಗಕ್ಕನನ್ನೂ ಕರೆದುಕೊಂಡು ಹೋದೆ. ನಾಲ್ಕನೇ ಸೋಪಾನದಲ್ಲಿ ಇಬ್ಬರು ಆಕಳಿಸಿದರು. ಏಳನೆಯದರಲ್ಲಿ ರಿಟೈರಾದ ಹೆಡ್‌ಮೇಷ್ಟ್ರೊಬ್ಬರು ಟೀ ಎಷ್ಟೊತ್ತಿಗೆ ಎಂದು ಪಕ್ಕದವರನ್ನು ಕೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ನಾನು ಮುಗಿಸಿದ ಮೇಲೆ ಲೈಬ್ರರಿಯವರು “ಬೇರೆ ಯಾರಾದ್ರೂ ಓದ್ತೀರೇನ್ರೀ?” ಎಂದರು. ಗಂಗಕ್ಕ ಕೈಚೀಲದಿಂದ ಆ ಕ್ಯಾಲೆಂಡರ್ ಪುಸ್ತಕ ತೆಗೆದಳು. ಅಯ್ಯೋ, ಮರ್ಯಾದೆ ಹೋಯಿತಲ್ಲ, ಇವಳು ನನ್ನ ಓರಗಿತ್ತಿ ಎಂದು ಎಲ್ಲರಿಗೂ ಗೊತ್ತಲ್ಲ ಎಂದುಕೊಂಡೆ.

ಅವಳು ಓದಿದಳು. ‘ಗಿರಣಿ ನಿಲ್ಸಿದ ಮೇಲೆ ಮನೆ ಮಾತಾಡದು ಕೇಳ್ತೈತೆ.’

ಆಕಳಿಸುತ್ತಿದ್ದವರು ಬಾಯಿ ಮುಚ್ಚಿದರು.

‘ಕುಕ್ಕರು ಕೂಗಕ್ಕೆ ಮುಂಚೆ ಒಂದ್ಸಲ ಉಸಿರು ಎಳಕಂತೈತೆ. ಇಷ್ಟು ವರ್ಷ ಅಡುಗೆ ಮಾಡಿದೀನಿ, ಮೊನ್ನೆ ಕೇಳಿಸ್ತು.’

‘ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ಐತೆ. ಅದಕ್ಕೂ ವಯಸ್ಸಾಗೈತೆ. ಹುಳ ಕಂಡ್ರೂ ಎದ್ದು ಹೋಗಲ್ಲ. ಅದೇ ಬರ್ಲಿ ಅಂತ ಕುಂತೈತೆ.’

ಇಲ್ಲಿ ಎಲ್ಲರೂ ನಕ್ಕರು. ಟೀ ಕೇಳಿದ ಹೆಡ್‌ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಗಂಗಕ್ಕ ತಬ್ಬಿಬ್ಬಾಗಿ ನನ್ನ ಕಡೆ ನೋಡಿ, ಬೆರಳಿಟ್ಟುಕೊಂಡು ಕೊನೆಯದನ್ನು ಓದಿದಳು.

‘ಅವರಿದ್ದಾಗ ಗಿರಣಿ ಸದ್ದಲ್ಲಿ ನಾವಿಬ್ರೂ ಕೂಗಿ ಕೂಗಿ ಮಾತಾಡ್ತಿದ್ವಿ. ಬೀದಿಯೋರು ಜಗಳ ಅಂದ್ಕಂಡಿದ್ರು. ಅವರು ಕೂಗ್ತಿದ್ದಿದ್ದು, ಉಂಡ್ಯೇನೇ, ಅಂತ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೈಬ್ರರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನೂ ಆ ಬೀದಿಯವಳೇ. ನಾನೂ ಅದನ್ನು ಜಗಳ ಎಂದೇ ತಿಳಿದಿದ್ದೆ. ಭಾವ ಬಹಳ ಒರಟು ಎಂದು ತವರಿನಲ್ಲಿ ಹೇಳಿಕೊಂಡು ಬಂದಿದ್ದೆ.

ಆಗ ನನಗೆ ಆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ಸಂತೋಷ ಆಗಲಿಲ್ಲ. ಹೊಟ್ಟೆ ಉರಿಯಿತು. ಗ್ಯಾಸ್ಟ್ರಿಕ್ಕು ಎಂದುಕೊಳ್ಳೋಣ ಅಂದರೆ ಅವತ್ತು ನಾನು ತಿಂದದ್ದು ಗಂಜಿ. ಸಂಧಿ ಸಮಾಸ ಎಲ್ಲ ಅರೆದು ಕುಡಿದವಳು ನಾನು, ಅಲಂಕಾರಗಳ ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆ ಕುಕ್ಕರಿನ ಉಸಿರು ನನಗೆ ಯಾಕೆ ಕೇಳಿಸಲಿಲ್ಲ? ನಮ್ಮ ಮನೆಯಲ್ಲೂ ಕುಕ್ಕರ್ ಇದೆಯಲ್ಲ! ಮನೆಗೆ ಹೋದವಳೇ ಅಕ್ಕಿ ಬೇಡದಿದ್ದರೂ ಕುಕ್ಕರ್ ಇಟ್ಟು ಕಿವಿ ಕೊಟ್ಟು ನಿಂತೆ. ಹೌದು, ಎಳೆದುಕೊಳ್ಳುತ್ತದೆ. ಹಾಳಾದ್ದು, ಸರಿಯಾಗೇ ಎಳೆದುಕೊಳ್ಳುತ್ತದೆ.

ಆದರೆ ಅದಕ್ಕೂ ಮೊದಲು, ಲೈಬ್ರರಿಯಿಂದ ನಡೆದುಕೊಂಡು ಬರುವಾಗ ಗಂಗಕ್ಕ ಕೇಳಿದ್ದಳು. “ಹಲ್ಲಿದು ಓದಿದಾಗ ಯಾಕೆ ನಕ್ರು ತಂಗಿ? ತಪ್ಪು ಬರೆದಿದ್ನಾ?”

ಚೆನ್ನಾಗಿತ್ತು ಅದಕ್ಕೇ ನಕ್ಕರು ಅಕ್ಕ, ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನಾನು ಅದನ್ನು ನುಂಗಿದೆ. ಮೂವತ್ತೆರಡು ಸಲ ಅಗಿಯಲಿಲ್ಲ, ಒಂದೇ ಸಲಕ್ಕೆ ನುಂಗಿದೆ. “ಭಾಷೆ ಸ್ವಲ್ಪ ತಿದ್ದಬೇಕು ಅಕ್ಕ” ಎಂದೆ.

ಅವಳು ನಡುರಸ್ತೆಯಲ್ಲೇ ನಿಂತು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು. “ಅದಕ್ಕೇನಂತೆ, ಮನೇಲೇ ಟೀಚರಮ್ಮ ಅವಳೆ. ತಿದ್ದಿಕೊಡವ್ವ.”

ತಿದ್ದುವುದಕ್ಕೆ ಒಂದು ವಾರ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ತಿದ್ದಲು ಒಂದು ದಿನ ಸಾಕಾಗಿತ್ತು, ಉಳಿದ ದಿನವೆಲ್ಲ ಓದಿದೆ. ಇದರಲ್ಲೇನು ಅಂಥದ್ದಿದೆ ಎಂದು ಹುಡುಕಿ ಹುಡುಕಿ ಓದಿದೆ. ಇಂಥ ವಾಕ್ಯ ಎಷ್ಟಿವೆ ಎಂದು ಎಣಿಸಿದೆ. ಬಹಳ ಇದ್ದವು. ಆಮೇಲೆ ಕೆಂಪು ಪೆನ್ನು ಹಿಡಿದೆ. ಐತೆ ಎಲ್ಲ ಇದೆ ಆಯಿತು. ಅಷ್ಟಕ್ಕೆ ನಿಲ್ಲಿಸಿದೆನೇ? ಗಿರಣಿ ನಿಂತ ಮೇಲೆ ಮನೆ ಮಾತಾಡುವುದು, ‘ಗಿರಣಿಯು ಸ್ಥಗಿತಗೊಂಡ ತರುವಾಯ ಗೃಹದ ಸದ್ದುಗಳು ಕರ್ಣಗೋಚರವಾಗುತ್ತಿವೆ’ ಆಯಿತು. ಭಾವ ಉಂಡ್ಯೇನೇ ಎಂದು ಕೂಗಿದ್ದು, ‘ಪತಿಯವರು ಜೀವಂತವಿದ್ದಾಗ ಉಚ್ಚಸ್ವರದಲ್ಲಿ ಊಟೋಪಚಾರದ ಕುರಿತು ವಿಚಾರಿಸುತ್ತಿದ್ದರು’ ಎಂದಾಯಿತು.

ನಮ್ಮ ಮನೆಯವರು ಪಿ.ಡಬ್ಲ್ಯು.ಡಿ. ಆಫೀಸಿನಲ್ಲಿ ಕೆಲಸ ಮಾಡಿ ರಿಟೈರಾದವರು. ಹಿಂದೆ ನಿಂತು ಬಗ್ಗಿ ನೋಡಿದರು. “ಏನೇ ಇದು, ಅತ್ತಿಗೆ ಬರೆದಿದ್ದೋ, ನಮ್ಮ ಆಫೀಸಿನ ಸುತ್ತೋಲೆಯೋ?”

“ನಿಮಗೆ ವ್ಯಾಕರಣ ತಿಳಿಯೋದಿಲ್ಲ, ಸುಮ್ಮನಿರಿ.”

“ವ್ಯಾಕರಣ ತಿಳಿಯಲ್ಲ. ನನಗೆ ನೀನು ಅರ್ಥ ಆಗ್ತೀಯ” ಎಂದು ಹೇಳಿ ಹೊರಗೆ ಹೋದರು. ಆ ಮನುಷ್ಯ ವರ್ಷಕ್ಕೊಂದು ಮಾತಾಡುತ್ತಾರೆ, ಅದನ್ನೂ ಇಂಥ ಹೊತ್ತಿನಲ್ಲೇ.

ಮುಂದಿನ ತಿಂಗಳ ಭಾನುವಾರಕ್ಕೆ ಗಂಗಕ್ಕ ಮಂಜನ ಅಂಗಡಿಯಿಂದ ಉದ್ದನೆಯ ಹೊಸ ನೋಟ್‌ಬುಕ್ ತಂದು, ತಿದ್ದಿದ್ದನ್ನೆಲ್ಲ ಗುಂಡಗಿನ ಅಕ್ಷರದಲ್ಲಿ ಇಳಿಸಿಕೊಂಡು ಬಂದಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಎದ್ದು ನಿಂತು “ಕರ... ಕರಣ...” ಎಂದು ತಡವರಿಸಿ ನನ್ನ ಮುಖ ನೋಡಿದಳು. ನಾನು ಕೂತಲ್ಲಿಂದಲೇ ತುಟಿಯಾಡಿಸಿ ಹೇಳಿಕೊಟ್ಟೆ. ಯಾರೂ ನಗಲಿಲ್ಲ. ಮುಗಿದಾಗ ಎಲ್ಲರೂ ಸಭ್ಯವಾಗಿ ಚಪ್ಪಾಳೆ ತಟ್ಟಿದರು, ನನ್ನ ಪ್ರಬಂಧಕ್ಕೆ ತಟ್ಟಿದಷ್ಟೇ.

ಲೈಬ್ರರಿಯವರು ಮೆಲ್ಲಗೆ, “ಅಮ್ಮ, ಹೋದ್ಸಲ ಓದಿದ್ರಲ್ಲ, ಅದನ್ನ ಇನ್ನೊಂದ್ಸಲ ಓದ್ರಿ” ಎಂದರು.

“ಇದೂ ಅದೇ ಕಣಪ್ಪ” ಎಂದಳು ಗಂಗಕ್ಕ. “ಇದು ತಿದ್ದಿದ್ದು.”

ನಮ್ಮ ಮನೆ ತಿರುವಿನಲ್ಲಿ ಅವಳು, “ನೋಡು, ಈ ಸಲ ಒಬ್ರೂ ನಗ್ಲಿಲ್ಲ. ನೀನು ತಿದ್ದಿದ್ದಕ್ಕೆ ಸರಿಯಾಯ್ತು” ಎಂದಳು. ನಾನು ಹೂಂ ಎಂದೆ.

ಒಂದೂವರೆ ತಿಂಗಳು ಕಳೆದಿರಬೇಕು. ಮೆಡಿಕಲ್ ಶಾಪಿನಲ್ಲಿ ಗಂಗಕ್ಕನ ಸೊಸೆ ಲತಾ ಸಿಕ್ಕಳು.

“ಚಿಕ್ಕತ್ತೆ, ಅತ್ತೆ ಬರೆಯೋದೇ ಬಿಟ್ಟವ್ರೆ. ಒಂದು ಕಡೆ ಕುಂತ್ಕಳಲ್ಲ. ಒರೆಸಿದ ಬೀರೂನೇ ಒರೆಸ್ತಾರೆ. ಮೊನ್ನೆ ಗಿರಣಿ ಬಾಗ್ಲು ತೆಗೆದು ಬೆಲ್ಟು ಜೋಡಿಸ್ತಾ ಇದ್ರು, ಮತ್ತೆ ಶುರು ಮಾಡ್ತೀನಿ ಅಂತಾರೆ. ಆ ಧೂಳಲ್ಲಿ ಹೆಂಗಾಗ್ತೈತೆ ಹೇಳ್ರಿ? ಬಿ.ಪಿ. ನೂರೈವತ್ತು ಅಂತೆ. ಮಾತ್ರೆ ತಗಳಕ್ಕೆ ಬಂದೆ.”

ನೂರೈವತ್ತು ಎಂದ ಕೂಡಲೇ, ಬರೆದೇಬಿಡುತ್ತೇನೆ, ನನಗೆ ಒಂದು ಕ್ಷಣ ಖುಷಿಯಾಯಿತು. ನನ್ನದಕ್ಕಿಂತ ಎಂಟು ಜಾಸ್ತಿ ಎಂದು ತಲೆ ತಾನೇ ಲೆಕ್ಕ ಹಾಕಿತು. ಮರುಕ್ಷಣ ಲತಾಳ ಕೈಯಲ್ಲಿದ್ದ ಮಾತ್ರೆ ನೋಡಿದೆ. ನನ್ನ ಡಬ್ಬಿಯಲ್ಲಿರುವ ಅದೇ ಮಾತ್ರೆ, ಅದೇ ಗುಲಾಬಿ ಬಣ್ಣದ ಹಾಳೆ. ಅಲ್ಲಿಂದ ಮನೆಗೆ ಹೋಗಲಾಗಲಿಲ್ಲ. ನೇರ ಗಂಗಕ್ಕನ ಮನೆಗೆ ಹೋದೆ.

ಅವಳು ಗಿರಣಿಯ ಕಟ್ಟೆ ಒರೆಸುತ್ತಿದ್ದಳು. ಕೆಮ್ಮು ಮತ್ತೆ ಬಂದಿತ್ತು.

“ಬರೀತಿಲ್ಲವಂತೆ ಅಕ್ಕ?”

“ಬರಿಯಾಣ ಅಂತ ಕುಂತ್ಕಂತೀನಿ ಕಣೆ. ಐತೆ ಅಂತ ಕೈ ಹೋಗ್ತೈತೆ, ಅಯ್ಯೋ ತಪ್ಪು ಅಂತ ಎತ್ತಿಬಿಡ್ತೀನಿ. ಇದೆ ಅಂತ ಬರೆದ್ರೆ ಯಾರೋ ಗುರುತಿಲ್ಲದ ನೆಂಟರು ಬಂದು ಕುಂತಂಗಾಗ್ತೈತೆ. ಅವರ ಮುಂದೆ ಏನು ಮಾತಾಡ್ಲಿ? ಅಲ್ಲಿಗೇ ನಿಲ್ತೈತೆ.” ಬಟ್ಟೆ ಹಿಂಡಿದಳು. “ನಂಗೆ ಆಗಲ್ಲ ಬಿಡು. ಅದು ನಿಮ್ಮಂಥ ಓದಿದೋರಿಗೆ.”

“ಹಳೇ ಪುಸ್ತಕ ಕೊಡು ಅಕ್ಕ, ಕ್ಯಾಲೆಂಡರಿಂದು.”

“ಅದೆಲ್ಲೈತೆ? ಹೊಸದಕ್ಕೆ ಇಳಿಸ್ಕಂಡ ಮೇಲೆ ಬಚ್ಚಲ ಒಲೆಗೆ ಹಾಕ್ದೆ. ಟೀಚರಮ್ಮ ತಿದ್ದಿದ ಮೇಲೆ ತಪ್ಪಿರೋದು ಯಾಕೆ ಇಟ್ಕಬೇಕು?”

ಮನೆಗೆ ಬಂದೆ.

ಕಿಟಕಿಯ ಪಕ್ಕ ಕೂತೆ. ಡೈರಿ ತೆಗೆಯಲು ಮನಸ್ಸಾಗಲಿಲ್ಲ. ಬಾಗಿಲ ಹಿಂದೆ ನೇತುಹಾಕಿದ್ದ ಹೋದ ವರ್ಷದ ಕ್ಯಾಲೆಂಡರ್ ಇಳಿಸಿ, ಹಿಂಬದಿಯಲ್ಲಿ, ‘ಗಿರಣಿ ನಿಲ್ಸಿದ ಮೇಲೆ ಮನೆ ಮಾತಾಡದು ಕೇಳ್ತೈತೆ’ ಎಂದು ಬರೆದೆ. ಮುಂದಿನದು ಬಂತು. ಅದರ ಮುಂದಿನದೂ ಬಂತು. ಕುಕ್ಕರು, ಹಲ್ಲಿ, ಬಿಸಿ ಹಿಟ್ಟಿಗೆ ಕೈಯಿಟ್ಟರೆ ಮಗುವಿನ ಹೊಟ್ಟೆ ಮುಟ್ಟಿದಂತೆ ಆಗುವುದು, ಬೆಲ್ಟು ಹರಿದ ದಿನ ಭಾವ ಪಾಯಸ ಮಾಡಿಸಿದ್ದು. ಒಂದೊಂದು ಅಕ್ಷರವೂ ನನಗೆ ಬಾಯಿಗೆ ಬಂದಿತ್ತು. ಮೂವತ್ತು ವರ್ಷ ಪಾಠ ಮಾಡಿದ ಪದ್ಯಗಳು ಮರೆತುಹೋಗಿವೆ, ನಿನ್ನೆ ಇಟ್ಟ ಕನ್ನಡಕ ಮರೆಯುತ್ತೇನೆ. ಗಂಗಕ್ಕನ ಒಂದು ಐತೆಯೂ ಮರೆತಿರಲಿಲ್ಲ. ಪ್ರೀತಿಯಿಂದ ಯಾರೂ ಅಷ್ಟು ಸಲ ಓದುವುದಿಲ್ಲ, ಹೊಟ್ಟೆಕಿಚ್ಚಿನಿಂದ ಓದುತ್ತಾರೆ.

ಹನ್ನೆರಡು ದಿನ ಹಿಡಿಯಿತು. ಬೆಳಿಗ್ಗೆ ಟೀ ಕುಡಿದು ಕೂತರೆ ಊಟದ ಹೊತ್ತಿಗೆ ಏಳುತ್ತಿದ್ದೆ. ಮೊದಲೆರಡು ದಿನ ಕೈ ಹಠ ಮಾಡಿತು, ಐ ಬರೆಯುವ ಬದಲು ಇ ಬರೆಯಲು ಹೋಗುತ್ತಿತ್ತು. ಮೂರನೇ ದಿನದಿಂದ ಐತೆ, ಅವೆ ಎಲ್ಲ ತಾವಾಗಿ ಬರತೊಡಗಿದವು. ಬರೆಯುವಾಗ ಅವ್ವನ ದನಿ ಕೇಳಿಸುತ್ತಿತ್ತು. ಕೈಯ ಗಡಿಯಾರ ‘ಎದ್ದು ನಡೆಯಿರಿ’ ಎಂದು ಗುಯ್‌ಗುಡುತ್ತಿತ್ತು, ಬಿಚ್ಚಿಟ್ಟೆ. ಒಂದು ದಿನ ಅನ್ನ ಸೀದಿತು. ನಮ್ಮ ಮನೆಯವರು ಸೀದದ್ದನ್ನು ಬದಿಗಿಟ್ಟು ಉಂಡರು, ಮಾತಾಡಲಿಲ್ಲ. ಆ ವರ್ಷದ ಮಾತು ಮುಗಿದಿತ್ತು.

ದಬ್ಬಣದಲ್ಲಿ ಹೊಲಿಯಲು ಹೋಗಿ ಬೆರಳಿಗೆ ಚುಚ್ಚಿಕೊಂಡು, ಕೊನೆಗೆ ಸ್ಟೇಪಲ್ ಮಾಡಿಸಿಕೊಂಡು, ಮಧ್ಯಾಹ್ನ ಮೂರು ಗಂಟೆಗೆ ಗಂಗಕ್ಕನ ಮನೆಗೆ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಈ ಸಲ ಪೀಠಿಕೆ ಹಾಕಲಿಲ್ಲ.

“ಅಕ್ಕ, ಅವತ್ತು ಅವರು ನಕ್ಕಿದ್ದು ತಪ್ಪಿಗಲ್ಲ. ಚೆನ್ನಾಗಿತ್ತು ಅಂತ ನಕ್ಕಿದ್ದು. ನನಗೆ ಗೊತ್ತಿತ್ತು. ಹೇಳಲಿಲ್ಲ. ಹೊಟ್ಟೆಕಿಚ್ಚಾಯ್ತು ನನಗೆ.”

“ಗೊತ್ತಿದ್ದೂ ತಿದ್ದಿದ್ಯಾ?”

“ಹೂಂ.”

“ಒಲೆಗೆ ಹಾಕಿಸಿಬಿಟ್ಯಲ್ಲೇ” ಎಂದಳು. ಎದ್ದು ಒಳಗೆ ಹೋದಳು. ಪಾತ್ರೆ ಇಟ್ಟ ಸದ್ದು, ನಲ್ಲಿ ತಿರುಗಿಸಿದ ಸದ್ದು, ಕೆಮ್ಮಿದ ಸದ್ದು. ನಾನು ಚಪ್ಪಲಿ ಹಾಕಿಕೊಂಡು ಹೊರಡಲೇ ಎಂದು ಯೋಚಿಸುತ್ತಿದ್ದಾಗ ಎರಡು ಲೋಟ ಟೀ ಹಿಡಿದುಕೊಂಡು ಬಂದಳು. ಒಂದನ್ನು ನನ್ನ ಮುಂದೆ ಕುಕ್ಕಿದಳು. ಕೂತುಕೊಂಡಳು.

“ಅಷ್ಟೊಂದು ಓದಿದೋಳಿಗೆ ನನ್ ಮೇಲೆ ಹೊಟ್ಟೆಕಿಚ್ಚಾ?”

“ಹೂಂ ಅಕ್ಕ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ಅವಳು ನಗು ತಡೆಯಲು ನೋಡಿ, ಆಗದೆ, ಕೆಮ್ಮು ಬರುವಷ್ಟು ನಕ್ಕಳು. ನನಗೆ ಆ ನಗುವಿಗೂ ಸ್ವಲ್ಪ ಉರಿಯಿತು. ಕ್ಯಾಲೆಂಡರ್ ಹಾಳೆಗಳನ್ನು ಅವಳ ತೊಡೆಯ ಮೇಲಿಟ್ಟೆ.

ಬೆರಳಿಟ್ಟುಕೊಂಡು, ತುಟಿಯಾಡಿಸುತ್ತ, ನಿಧಾನವಾಗಿ ಓದಿದಳು. ಟೀ ಆರಿತು. ನಡುನಡುವೆ “ಹೂಂ, ಇದು ನಂದು” ಎನ್ನುತ್ತಿದ್ದಳು. ಭಾವನ ಮಾತು ಬಂದ ಕಡೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಿರಣಿಯ ವಾಕ್ಯಗಳ ನಡುವೆ ಒಂದು ಕಡೆ ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಓದಿದಳು.

“ತಂಗಿ, ಆ ಕೆಂಪು ಪೆನ್ನು ಕೊಡಿಲ್ಲಿ.”

ಕೊಟ್ಟೆ. ಒಂದು ಸಾಲಿನ ಸುತ್ತ ಗುಂಡಗೆ ಗೆರೆ ಎಳೆದಳು. ಜನ್ಮದಲ್ಲಿ ಮೊದಲ ಸಲ ನನ್ನ ಬರಹದ ಮೇಲೆ ಬೇರೆಯವರ ಕೆಂಪು ಬಿತ್ತು.

“ಇದು ನಂದಲ್ಲ.”

“ನಿಂದೇ ಅಕ್ಕ, ಒಂದಕ್ಷರ ಬಿಡದೆ ಬರೆದಿದ್ದೇನೆ.”

“ಓದು ನೋಡಾಣ.”

ಓದಿದೆ. ‘ಗಿರಣಿ ಮುಂದೆ ಹಾಯ್ದು ಹೋಗ್ತಿದ್ದೆ, ಒಳಗೆ ಬಾ ಅಂತ ಕೈ ಮಾಡಿದ್ರೂ ಹೋಗ್ತಿರ್ಲಿಲ್ಲ, ಸೀರೆಗೆ ಹಿಟ್ಟು ಹತ್ಕಂತೈತೆ ಅಂತ.’

“ನಾನು ಗಿರಣಿ ಒಳಗೇ ಇದ್ನಲ್ಲೇ” ಎಂದಳು ಗಂಗಕ್ಕ. “ಮುಂದೆ ಹಾಯ್ದು ಹೋದೋಳು ಯಾರು?”

ಹಾಯ್ದು ಹೋದವಳು ನಾನೇ. ಪೇಪರ್ ತಿದ್ದುವುದಿತ್ತು ಎಂದು ಮೇಲೆ ನಿಮಗೆ ಹೇಳಿದೆನಲ್ಲ, ಅದು ಸುಳ್ಳು. ಬರೆಯುವಾಗ ಯಾವ ಹೊತ್ತಿನಲ್ಲಿ, ಯಾವ ಕೈ ಅದನ್ನು ಸೇರಿಸಿತೋ ನನಗೆ ತಿಳಿದಿರಲಿಲ್ಲ. ಗಂಗಕ್ಕ ಹಾಳೆಯನ್ನು ಮಡಿಸಿ, ಉಗುರಿನಿಂದ ಗೀರಿ, ಆ ಸಾಲನ್ನು ಮಾತ್ರ ನಾಜೂಕಾಗಿ ಹರಿದು ನನ್ನ ಕೈಗಿಟ್ಟಳು.

“ಚೆನ್ನಾಗೈತೆ. ನಿಂದು ನೀನಿಟ್ಕ.”

ಆ ಚೂರೇ ಈಗ ನನ್ನ ಡಬ್ಬಿಯಲ್ಲಿರುವುದು. ಗಂಗಕ್ಕ ಗಿರಣಿಯ ಬಾಗಿಲು ಹಾಕಿ ಮತ್ತೆ ಗೋಡೆಗೆ ಒರಗಿದ್ದಾಳೆ, ಎರಡನೇ ಪುಸ್ತಕವನ್ನೂ ಹೊಲಿದುಕೊಂಡಿದ್ದಾಳೆ. ಬಿ.ಪಿ. ನೂರ ಮೂವತ್ತಕ್ಕೆ ಇಳಿದಿದೆಯಂತೆ. ನಾನೂ ದಿನಾ ಹನ್ನೊಂದು ಗಂಟೆಗೆ ಟೀ ಕುಡಿದು ಕೂರುತ್ತೇನೆ. ಇಷ್ಟು ವರ್ಷದಲ್ಲಿ ನನ್ನದು ಎಂದು ಇರುವುದು ಒಂದೇ ವಾಕ್ಯ, ಎರಡನೆಯದು ಇನ್ನೂ ಬಂದಿಲ್ಲ. ಪಕ್ಕದ ಬೀದಿಯಲ್ಲಿ ಅವಳು ಇಷ್ಟೊತ್ತಿಗೆ ಇವತ್ತಿನದನ್ನು ಬರೆದು, ಪೆನ್ನು ಮುಚ್ಚಿ, ಕಾಲು ಚಾಚಿರುತ್ತಾಳೆ. ಏನು ಬರೆದಳೋ, ಎಷ್ಟು ಚೆನ್ನಾಗಿ ಬರೆದಳೋ! ಹೊಟ್ಟೆಕಿಚ್ಚು ಇನ್ನೂ ಇದೆಯೇ ಎಂದು ನೀವು ಕೇಳಬಹುದು.

ಐತೆ.